ಸಂತೆ ದಿನದ ಪೋಷಕರ ಸಭೆ

ನಮ್ಮ ಮೂಡಿಗೆರೆ ಕಡೆ ನವೆಂಬರ್ ಕೊನೆಗೆ ಅರೇಬಿಕಾ ಕಾಫಿ ಕುಯ್ಲು ಶುರುವಾಗುತ್ತದೆ. ಅದು ಮುಗಿಯುವ ಹೊತ್ತಿಗೆ ರೊಬಸ್ಟಾ ಹಣ್ಣಾಗುತ್ತದೆ. ಹೆಚ್ಚುಕಮ್ಮಿ ಮಾರ್ಚ್‌ವರೆಗೆ ತೋಟದಲ್ಲಿ ಕೆಲಸವೋ ಕೆಲಸ. ಆಗಲೇ ಲೈನ್ ಮನೆಗಳು, ಅಂದರೆ ತೋಟದ ಕೂಲಿಯವರಿರುವ ಸಾಲುಮನೆಗಳು, ತುಂಬುತ್ತವೆ. ಅಸ್ಸಾಂ, ಜಾರ್ಖಂಡ್, ಪಶ್ಚಿಮ ಬಂಗಾಳದಿಂದ ಜನ ಬರುತ್ತಾರೆ, ಜೊತೆಗೆ ಮಕ್ಕಳೂ ಬರುತ್ತಾರೆ. ಕೆಲವರು ಕುಯ್ಲು ಮುಗಿಸಿ ಹೋಗುತ್ತಾರೆ, ಕೆಲವರು ವರ್ಷಪೂರ್ತಿ ಇಲ್ಲೇ ಉಳಿಯುತ್ತಾರೆ.

ನನ್ನ ಮಗಳು ನಮ್ಮೂರ ಸರ್ಕಾರಿ ಶಾಲೆಯಲ್ಲಿ ಮೂರನೇ ಕ್ಲಾಸು. ನಾನು ಅಲ್ಲಿ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸದಸ್ಯೆ. ಮಕ್ಕಳಿಲ್ಲ ಅಂತ ಮಲೆನಾಡಿನ ಎಷ್ಟೋ ಶಾಲೆಗಳಿಗೆ ಬೀಗ ಬೀಳುವ ಕಾಲ ಇದು. ನಮ್ಮ ಶಾಲೆಯಲ್ಲಿ ಬೆಂಚು ತುಂಬಿದ್ದರೆ ಅದರಲ್ಲಿ ಲೈನ್ ಮಕ್ಕಳ ಪಾಲು ದೊಡ್ಡದು. ಇದನ್ನು ಊರಿನವರಿಗೆ ಎಷ್ಟು ಸಲ ಹೇಳಿದರೂ ಸಾಲದು.

ಒಂದು ಸಭೆಯಲ್ಲಿ ಊರಿನ ಪೋಷಕರೊಬ್ಬರು ಕೇಳಿದರು: "ಅಲ್ಲ ಮೇಡಂ, ವರ್ಷದ ಮಧ್ಯದಲ್ಲಿ ಬಂದವರನ್ನ ಯಾಕೆ ಸೇರಿಸ್ಕೋಬೇಕು? ಬೇಸಿಗೆಗೆ ಹೊರಟು ಹೋಗ್ತಾರಲ್ವಾ?" ನಮ್ಮ ಹೆಡ್ ಮೇಡಂ ಕೋಪ ಮಾಡಿಕೊಳ್ಳಲಿಲ್ಲ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಏನಿದೆ ಅಂತ ಹೇಳಿದರು. ಜನನ ಪ್ರಮಾಣಪತ್ರ ಇಲ್ಲ, ಟಿಸಿ ಇಲ್ಲ, ತಡವಾಗಿ ಬಂದರು ಅಂತೆಲ್ಲ ಹೇಳಿ ಮಗುವನ್ನು ವಾಪಸ್ ಕಳಿಸುವ ಹಾಗಿಲ್ಲ. ವಯಸ್ಸಿಗೆ ತಕ್ಕ ಕ್ಲಾಸಿಗೇ ಸೇರಿಸಬೇಕು. ಉಳಿದ ಮಕ್ಕಳ ಸಮಕ್ಕೆ ಬರಲು ವಿಶೇಷ ತರಬೇತಿಯನ್ನೂ ಕೊಡಬೇಕು. ಕೇಳಿದವರು ಸುಮ್ಮನಾದರು. ಒಪ್ಪಿದರೋ ಇಲ್ಲವೋ, ಅದು ಬೇರೆ ಮಾತು.

ಒಂದರಿಂದ ಮೂರನೇ ಕ್ಲಾಸಿನ ತನಕ ಅಷ್ಟು ಕಷ್ಟ ಆಗುವುದಿಲ್ಲ, ಯಾಕಂದ್ರೆ ಅಲ್ಲಿ ನಲಿಕಲಿ ಇದೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ಪದ್ಧತಿ ಇದು. ಬೇರೆ ಬೇರೆ ಕ್ಲಾಸಿನ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪಾಗಿ ಕೂತು ಕಾರ್ಡು ಹಿಡಿದು ಕಲಿಯುತ್ತಾರೆ. ಯಾರು ಎಲ್ಲಿಗೆ ಮುಟ್ಟಿದ್ದಾರೋ ಅಲ್ಲಿಂದ ಮುಂದಕ್ಕೆ. ಡಿಸೆಂಬರ್‌ನಲ್ಲಿ ಬಂದ ಮಗುವಿಗೂ ಮೊದಲ ಕಾರ್ಡು ಕಾದಿರುತ್ತದೆ. ತಾನು ಹಿಂದೆ ಬಿದ್ದಿದ್ದೇನೆ ಅಂತ ಆ ಮಗುವಿಗೆ ಅನ್ನಿಸುವುದೇ ಇಲ್ಲ. ನಾಲ್ಕನೇ ಕ್ಲಾಸಿಗೆ ಬಂದವರ ಪಾಡು ಹಾಗಲ್ಲ. ಅವರ ಕೈಗೆ ನೇರ ಪಠ್ಯಪುಸ್ತಕ ಬರುತ್ತದೆ, ಓದೋಣ ಅಂದರೆ ಅಕ್ಷರವೇ ಹೊಸದು. ಇನ್ನು ಮಾತಾಡುವ ಕನ್ನಡ ಅವರಿಗೆ ಬರುವುದು ಕುಂಟೆಬಿಲ್ಲೆಯಿಂದ. "ಔಟ್ ಕಣೇ, ಗೆರೆ ತುಳಿದೆ!" ಅಂತ ಜಗಳ ಆಡುವಷ್ಟು ಕನ್ನಡವನ್ನು ಎಷ್ಟು ಬೇಗ ಕಲಿಯುತ್ತಾರೆ ಅಂದ್ರೆ, ನನ್ನ ಮಗಳಿಗೇ ಸವಾಲು ಹಾಕುತ್ತಾರೆ.

ಮಕ್ಕಳು ಹೀಗೆ ಬೇಗ ಬೆರೆಯುತ್ತಾರೆ. ಅವರ ಅಪ್ಪ ಅಮ್ಮ ಮಾತ್ರ ಶಾಲೆ ಗೇಟಿನ ಒಳಗೆ ಬಂದವರೇ ಅಲ್ಲ.

ಪೋಷಕರ ಸಭೆ ಯಾವಾಗಲೂ ವಾರದ ಮಧ್ಯೆ ಬೆಳಗ್ಗೆ ಹನ್ನೊಂದಕ್ಕೆ ಇರುತ್ತಿತ್ತು. ಕುಯ್ಲಿನ ಹೊತ್ತಿನಲ್ಲಿ ಕೂಲಿ ಕೆಜಿ ಲೆಕ್ಕ. ಸಂಜೆ ಕಣದಲ್ಲಿ ಮೂಟೆ ತೂಕಕ್ಕೆ ಇಟ್ಟಾಗ ಮುಳ್ಳು ಎಷ್ಟು ತೋರಿಸುತ್ತದೋ ಅಷ್ಟೇ ದುಡ್ಡು. ಹನ್ನೊಂದಕ್ಕೆ ಸಭೆಗೆ ಬಾ ಅಂದರೆ ಅರ್ಧ ದಿನದ ಕೂಲಿ ಬಿಟ್ಟು ಬಾ ಅಂದ ಹಾಗೆ. ಹಾಗಾಗಿ ಯಾರೂ ಬರುತ್ತಿರಲಿಲ್ಲ. ಅವರಿಗೆ ಆಸಕ್ತಿ ಇಲ್ಲ ಅನ್ನುವ ಮಾತು ಮಾತ್ರ ಊರಲ್ಲಿ ಓಡಾಡುತ್ತಿತ್ತು. ಆ ಮಾತು ಕೇಳಿದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ನಮ್ಮ ಸುತ್ತಿನ ತೋಟಗಳಿಗೆ ವಾರದ ರಜೆ ಸಂತೆ ದಿನ. ಬಟವಾಡೆ ಆಗಿರುತ್ತದೆ, ಎಲ್ಲರೂ ಚೀಲ ಹಿಡಿದು ಪೇಟೆಗೆ ಹೊರಡುತ್ತಾರೆ. ಹೋಗುವ ದಾರಿಯಲ್ಲೇ ಶಾಲೆ. ಸಂತೆ ದಿನ ಬೆಳಗ್ಗೆ ಒಂಬತ್ತೂವರೆಗೆ ಸಭೆ ಇಡೋಣ, ಅರ್ಧ ಗಂಟೆಯಲ್ಲಿ ಮುಗಿಸೋಣ ಅಂತ ಎಸ್‌ಡಿಎಂಸಿಯಲ್ಲಿ ಕೂತು ತೀರ್ಮಾನ ಮಾಡಿದೆವು. ತೋಟದ ಲೆಕ್ಕ ಬರೆಯುವ ರೈಟರ್‌ಗಳಿಗೂ ಮೇಸ್ತ್ರಿಗಳಿಗೂ ಹೇಳಿ ಕಳಿಸಿದೆವು.

ಬಂದರು. ಮೊದಲು ಬಾಗಿಲ ಹೊರಗೇ ನಿಂತಿದ್ದರು, ಚಪ್ಪಲಿ ಎಲ್ಲಿ ಬಿಡಬೇಕು ಅಂತ ಗೊತ್ತಾಗದೆ. ಅಡುಗೆ ಅಕ್ಕ ಬಂದು ಕೈ ಹಿಡಿದು ಒಳಗೆ ಕರೆದರು. ಐದನೇ ಕ್ಲಾಸಿನ ಅಸ್ಸಾಂ ಹುಡುಗಿಯೊಬ್ಬಳು ಮಧ್ಯೆ ನಿಂತು, ಮಿಸ್ ಹೇಳಿದ್ದನ್ನು ಅವರ ಭಾಷೆಯಲ್ಲಿ ಹೇಳುತ್ತಿದ್ದಳು, ಅವರು ಹೇಳಿದ್ದನ್ನು ಕನ್ನಡದಲ್ಲಿ ನಮಗೆ.

ನಾಲ್ಕನೇ ಕ್ಲಾಸಿನ ಒಬ್ಬ ಹುಡುಗಿ ಎರಡು ದಿನ ಬಂದರೆ ಮೂರು ದಿನ ಗೈರು. ಓದೋಕೆ ಮನಸ್ಸಿಲ್ಲ ಅಂತಲೇ ಎಲ್ಲರೂ ಅಂದುಕೊಂಡಿದ್ದರು. ಅವಳ ಅಮ್ಮ ಅವತ್ತು ಹೇಳಿದ್ದು ಬೇರೆ. ಮನೆಯಲ್ಲಿ ಮೂರು ವರ್ಷದ ತಮ್ಮ ಇದ್ದಾನೆ. ತೋಟ ಸಣ್ಣದು, ಅಲ್ಲಿ ಮಗು ನೋಡಿಕೊಳ್ಳುವ ವ್ಯವಸ್ಥೆ ಇಲ್ಲ. ಅಮ್ಮ ಹಣ್ಣು ಕುಯ್ಯಲು ಹೋದರೆ ತಮ್ಮನನ್ನು ಅಕ್ಕನೇ ನೋಡಿಕೊಳ್ಳಬೇಕು. ಅಂಗನವಾಡಿ ಇರುವುದು ಶಾಲೆ ಕಾಂಪೌಂಡಿನ ಪಕ್ಕದಲ್ಲೇ, ಮೂರು ತುಂಬಿದ ಮಕ್ಕಳನ್ನು ಅಲ್ಲಿ ಸೇರಿಸಿಕೊಳ್ಳುತ್ತಾರೆ. ಅದು ತಮಗೂ ಸಿಗುತ್ತದೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಮರುದಿನ ಬೆಳಗ್ಗೆ ಅಕ್ಕ ತಮ್ಮನನ್ನು ಸೊಂಟದ ಮೇಲೆ ಹೊತ್ತು ತಂದು ಅಂಗನವಾಡಿಯಲ್ಲಿ ಬಿಟ್ಟು ಕ್ಲಾಸಿಗೆ ಬಂದಳು. ಈಗ ದಿನಾ ಬರುತ್ತಾಳೆ. ಅರ್ಧ ಗಂಟೆಯ ಸಭೆಯಿಂದ ಆದ ಕೆಲಸ ಇದು.

ಈ ವಿಷಯದಲ್ಲಿ ನನಗೆ ಇಷ್ಟು ಹಟ ಯಾಕೆ ಅಂತ ಮನೆಯವರು ಕೇಳುತ್ತಾರೆ. ನಮ್ಮಜ್ಜಿ ಚಾರ್ಮಾಡಿ ಘಾಟಿ ಹತ್ತಿ ತೋಟದ ಕೆಲಸಕ್ಕೆ ಬಂದವರು. ಲೈನ್ ಮನೆಯಲ್ಲೇ ನಮ್ಮಮ್ಮ ಹುಟ್ಟಿದ್ದು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಅಮ್ಮನನ್ನು ಶಾಲೆಯಲ್ಲಿ "ಘಟ್ಟದ ಕೆಳಗಿನವಳು" ಅಂತಲೇ ಕರೆಯುತ್ತಿದ್ದರಂತೆ. ನಾಲ್ಕನೇ ಕ್ಲಾಸಿಗೆ ಅಮ್ಮ ಶಾಲೆ ಬಿಟ್ಟರು. ಅಜ್ಜಿಯನ್ನು ಕರೆದು ಕೂರಿಸಿ ಯಾಕಮ್ಮಾ ಬಿಡಿಸಿದೆ ಅಂತ ಯಾರೂ ಕೇಳಲಿಲ್ಲ.

ಕಳೆದ ವರ್ಷ ಶಾಲಾ ವಾರ್ಷಿಕೋತ್ಸವಕ್ಕೆ ಡ್ಯಾನ್ಸ್ ಕಲಿಸೋಕೆ ಮಿಸ್ ಮೊಬೈಲ್ ತೆಗೆದರು. ಅಷ್ಟರಲ್ಲಿ ಒಬ್ಬ ತಾಯಿ, ನಾನು ಝುಮುರ್ ಹೇಳಿಕೊಡಲಾ ಅಂತ ಮಗಳ ಕೈಲಿ ಕೇಳಿಸಿದರು. ಝುಮುರ್ ಅಸ್ಸಾಂ ಚಹಾ ತೋಟದವರ ಕುಣಿತ. ಹುಡುಗಿಯರು ಸಾಲಾಗಿ ನಿಂತು ಒಬ್ಬರ ಸೊಂಟ ಒಬ್ಬರು ಹಿಡಿದು, ಎರಡು ಹೆಜ್ಜೆ ಮುಂದೆ, ಒಂದು ಹಿಂದೆ, ಮಂಡಿ ಸ್ವಲ್ಪ ಬಗ್ಗಿಸಿ ತೂಗಬೇಕು. ನೋಡೋಕೆ ಸುಲಭ. ನಮ್ಮೂರ ಮಕ್ಕಳು ಒಬ್ಬೊಬ್ಬರೇ ಕುಣಿದು ರೂಢಿ, ಸಾಲು ಹಿಡಿದ ತಕ್ಷಣ ಹೆಜ್ಜೆ ತಪ್ಪುತ್ತಿತ್ತು. ಆ ತಾಯಿ ಕನ್ನಡ ಒಂದು ಪದ ಆಡದೆ, ಬಾಯಲ್ಲೇ ತಾಳ ಹಾಕುತ್ತಾ, ನನ್ನ ಮಗಳ ಹಿಮ್ಮಡಿಯನ್ನು ತಮ್ಮ ಕಾಲಿನಿಂದ ಮೆಲ್ಲಗೆ ಸರಿಸಿ ಕಲಿಸಿದರು. ವಾರಗಟ್ಟಲೆ ಸಂಜೆ ತೂಕ ಮುಗಿಸಿ ಬರುತ್ತಿದ್ದರು, ಕೈಗೆ ಕಾಫಿ ಹಣ್ಣಿನ ಅಂಟು ಹಾಗೇ ಇರುತ್ತಿತ್ತು.

ಕಾರ್ಯಕ್ರಮ ಇಟ್ಟಿದ್ದು ಮಾರ್ಚ್‌ನಲ್ಲಿ. ಅಷ್ಟರಲ್ಲಿ ಆ ತೋಟದ ಕುಯ್ಲು ಮುಗಿದು ಅವರ ಕುಟುಂಬ ಊರಿಗೆ ಹೊರಟಾಗಿತ್ತು. ಅವರು ಕಲಿಸಿದ ಕುಣಿತವನ್ನು ನಮ್ಮ ಮಕ್ಕಳು ಕುಣಿದರು, ಕಲಿಸಿದವರು ನೋಡಲಿಲ್ಲ. ಅವರ ಮಗಳೂ ಸಾಲಿನಲ್ಲಿ ಇರಲಿಲ್ಲ. ನನಗೆ ಆ ಚಪ್ಪಾಳೆ ಕೇಳೋಕೆ ಆಗಲಿಲ್ಲ.

ಅದಕ್ಕೇ ಈ ಸಲ ವಾರ್ಷಿಕೋತ್ಸವ ಜನವರಿಯಲ್ಲೇ ಆಗಬೇಕು, ಅದೂ ಸಂತೆ ದಿನ ಸಂಜೆ, ಅಂತ ಬರೆದುಕೊಟ್ಟಿದ್ದೇನೆ. ಇನ್ನೊಂದು ಬೇಡಿಕೆಯೂ ಇದೆ. ಎಸ್‌ಡಿಎಂಸಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು, ಹಿಂದುಳಿದ ಮನೆಗಳ ಮಕ್ಕಳ ಪೋಷಕರಿಗೂ ತಕ್ಕ ಜಾಗ ಇರಬೇಕು ಅಂತ ಕಾಯ್ದೆಯೇ ಹೇಳುತ್ತದೆ. ನಮ್ಮಲ್ಲಿ ಲೈನ್ ಕಡೆಯಿಂದ ಒಬ್ಬರೂ ಇಲ್ಲ. ವರ್ಷಪೂರ್ತಿ ಇಲ್ಲೇ ಇರುವ ಕುಟುಂಬಗಳಿಂದ ಒಬ್ಬ ತಾಯಿಯಾದರೂ ಬರಲಿ. ಯಾರು ಅಂತ ಲೈನಿನವರೇ ಹೇಳಲಿ, ನಾವು ಆರಿಸುವುದು ಬೇಡ. ಮುಂದಿನ ಸಂತೆ ದಿನದ ಸಭೆಯಲ್ಲಿ ಕೇಳುತ್ತೇವೆ.