ಸ್ಟೇರಿಂಗ್ ಭಾರ, ಬೈಗುಳ ಕಾಲಂಗೆ

ಮೇ 3, 2025, ಶನಿವಾರ, ಕಲಬುರಗಿ

ಗಾಡಿ ಇವತ್ತು ಸಂಜೆ ಗ್ಯಾರೇಜಿನಿಂದ ಮನೆಗೆ ಬಂತು. ಸ್ಟೇರಿಂಗ್ ಮೊದಲಿನ ಹಾಗೆ ಹಗುರವಾಗಿ ತಿರುಗುತ್ತಿದೆ. ಆದ್ರೂ ನಾನು ಪೂರ್ತಿ ನಂಬಿಲ್ಲ. ನಮ್ಮ ಸ್ಟಾಫ್ ರೂಮಲ್ಲೇ ಇಂಥ ಹಳೇ, ಇಂಜಿನ್ ಜೊತೆ ಕರೆಂಟಿನ ಮೋಟರೂ ಇರುವ ಹೈಬ್ರಿಡ್ ಎಸ್‌ಯುವಿ ಸೆಕೆಂಡ್ ಹ್ಯಾಂಡ್ ತಗೊಂಡವರು ಇದ್ದಾರೆ, ಕಂಡಾಗಲೆಲ್ಲ "ಏನಾಯ್ತು, ಏನಾಯ್ತು" ಅಂತ ಕೇಳುತ್ತಾರೆ. ಒಬ್ಬೊಬ್ಬರಿಗೆ ಹೇಳುವ ಬದಲು ಇಲ್ಲೇ ಬರೆದಿಡುತ್ತೇನೆ. ಕಂಪನಿ ಹೆಸರು, ಮಾಡೆಲ್ ಹೆಸರು ಬೇಡ. ಅದರಿಂದ ಯಾರಿಗೂ ಉಪಯೋಗ ಇಲ್ಲ.

ಕಾಟ ಶುರುವಾದದ್ದು ಮಾರ್ಚ್ ಕೊನೆಗೆ. ಸೇಡಂ ಶಾಲೆಯಿಂದ ವಾಪಸ್ ಬರುತ್ತಿದ್ದೆ. ಸೇಡಂ ರಸ್ತೆಯಿಂದ ರಿಂಗ್ ರೋಡಿಗೆ ತಿರುಗುವಲ್ಲಿ ಸಿಗ್ನಲ್ ಕೆಂಪಾಯಿತು. ಈ ಗಾಡಿಯಲ್ಲಿ ನಿಂತ ಕೂಡಲೇ ಇಂಜಿನ್ ತಾನೇ ಆಫ್ ಆಗುತ್ತದೆ, ಕ್ಲಚ್ ಒತ್ತಿದರೆ ತಾನೇ ಸ್ಟಾರ್ಟ್ ಆಗುತ್ತದೆ. ಹಸಿರು ಬಂತು, ಕ್ಲಚ್ ಒತ್ತಿದೆ, ಇಂಜಿನ್ ಗುರ್ ಅಂತು. ಅದೇ ಹೊತ್ತಿಗೆ ಮುಂದೆ ಹಳದಿ ದೀಪ ಹತ್ತಿತು, ಸ್ಟೇರಿಂಗ್ ಚಿತ್ರದ ಪಕ್ಕ ಆಶ್ಚರ್ಯಸೂಚಕ ಚಿಹ್ನೆ ಇರುವುದು. ತಿರುಗಿಸಲು ಹೋದರೆ ಕೈ ಬರುತ್ತಿಲ್ಲ. ಹಿಂದೆ ಆಟೋದವನು ಹಾರ್ನ್ ಮೇಲೆ ಹಾರ್ನ್. ಎರಡೂ ಕೈ ಹಾಕಿ, ಸೀಟಿನಿಂದ ಅರ್ಧ ಎದ್ದು ಹೇಗೋ ತಿರುಗಿಸಿ ಎಡಕ್ಕೆ ನಿಲ್ಲಿಸಿದೆ. ಕೀ ತೆಗೆದು ಮತ್ತೆ ಹಾಕಿದೆ. ದೀಪ ಮಾಯ, ಸ್ಟೇರಿಂಗ್ ಹಗುರ. ಏನೂ ಆಗೇ ಇಲ್ಲ ಅನ್ನುವ ಹಾಗೆ.

ಈ ರೋಗದ ನಿಜವಾದ ಅಪಾಯ ಇರುವುದು ಇಲ್ಲೇ. ಕೀ ತೆಗೆದು ಹಾಕಿದರೆ ಸರಿಹೋಗುತ್ತದೆ ಅಂದ ಮೇಲೆ ಗ್ಯಾರೇಜಿಗೆ ಯಾರು ಹೋಗುತ್ತಾರೆ? ಮಳಖೇಡದ ಕಾಗಿಣಾ ಸೇತುವೆ ಹತ್ತಿರ, ಎದುರಿಗೆ ಸುಣ್ಣದ ಕಲ್ಲಿನ ಲಾರಿ ಸಾಲು ಬರುವಾಗ ಹೀಗಾದರೆ ಏನು ಮಾಡೋದು ಅಂತ ಯೋಚನೆ ಬಂದ ಮೇಲೆ ನನಗಂತೂ ಸುಮ್ನೆ ಇರಲು ಆಗಲಿಲ್ಲ.

ಸಲಹೆ ಕೊಡುವವರಿಗೇನು ಬರ ಇಲ್ಲ. ಆಳಂದದ ಕಾಕಾ ಫೋನ್ ಮಾಡಿ, "ಪವರ್ ಸ್ಟೇರಿಂಗ್ ಆಯಿಲ್ ಕಡಿಮಿ ಆಗ್ಯದ ನೋಡವಾ, ಹಾಕಿಸು" ಅಂದರು. ನಮ್ಮ ಗಾಡಿಯಲ್ಲಿ ಹಾಕಿಸಲು ಆಯಿಲ್ ಡಬ್ಬಿಯೇ ಇಲ್ಲ. ಕಾಕಾ ಹೇಳಿದ್ದು ಹಳೇ ಜೀಪು, ಲಾರಿಗಳ ಲೆಕ್ಕ. ಅಲ್ಲಿ ಇಂಜಿನ್ ಬೆಲ್ಟಿನಿಂದ ಪಂಪ್ ತಿರುಗುತ್ತದೆ, ಪಂಪ್ ಎಣ್ಣೆಯನ್ನು ಒತ್ತುತ್ತದೆ, ಆ ಒತ್ತಡ ಚಕ್ರ ತಿರುಗಿಸಲು ಸಹಾಯ ಮಾಡುತ್ತದೆ. ಹೈಬ್ರಿಡ್‌ನಲ್ಲಿ ಇಂಜಿನ್ ಆಗಾಗ ಆಫ್ ಆಗುವುದೇ ಕೆಲಸ. ಇಂಜಿನ್ ನಿಂತರೆ ಪಂಪ್ ನಿಲ್ಲುತ್ತದೆ, ಪಂಪ್ ನಿಂತರೆ ಸ್ಟೇರಿಂಗ್ ಕಲ್ಲು. ಅದಕ್ಕೇ ಇವುಗಳಲ್ಲಿ ಹೆಚ್ಚಾಗಿ ಕರೆಂಟಿನ ಸ್ಟೇರಿಂಗ್ ಇಡುತ್ತಾರೆ. ಸ್ಟೇರಿಂಗ್‌ನಿಂದ ಕೆಳಗಿಳಿಯುವ ಕಂಬಕ್ಕೋ (ಅದೇ ಕಾಲಂ), ಅದರ ಕೆಳಗೆ ಮುಂದಿನ ಚಕ್ರಗಳನ್ನು ತಿರುಗಿಸುವ ರ‍್ಯಾಕಿಗೋ ಒಂದು ಮೋಟರ್ ಜೋಡಿಸಿರುತ್ತಾರೆ. ಅದು ಕರೆಂಟ್ ತಿನ್ನುತ್ತದೆ, ಅದೂ ಸ್ವಲ್ಪ ಅಲ್ಲ. ಗಾಡಿ ನಿಂತಾಗ ಚಕ್ರ ಪೂರ್ತಿ ತಿರುಗಿಸಿದರೆ ಹತ್ತಾರು ಆಂಪಿಯರ್ ಎಳೆಯುತ್ತದೆ.

ನಮ್ಮದು ದೊಡ್ಡ ಹೈಬ್ರಿಡ್ ಏನಲ್ಲ, ಮೈಲ್ಡ್ ಹೈಬ್ರಿಡ್. ಬರೀ ಕರೆಂಟಿನ ಮೇಲೆ ಓಡುವುದಿಲ್ಲ. ಬ್ರೇಕ್ ಹಾಕಿದಾಗ, ವೇಗ ಕಡಿಮೆಯಾದಾಗ ಬ್ಯಾಟರಿ ತುಂಬಿಸುತ್ತದೆ, ವೇಗ ಎತ್ತುವಾಗ ಇಂಜಿನ್‌ಗೆ ಸ್ವಲ್ಪ ಕೈ ಕೊಡುತ್ತದೆ. 2015ರಲ್ಲಿ ಕರೆಂಟಿನ ಗಾಡಿ, ಹೈಬ್ರಿಡ್ ಗಾಡಿಗಳಿಗೆ ಉತ್ತೇಜನ ಕೊಡುವ ಕೇಂದ್ರದ ಫೇಮ್ ಯೋಜನೆ ಬಂದಾಗ ಇಂಥ ಗಾಡಿಗಳಿಗೂ ಸಬ್ಸಿಡಿ ಇತ್ತು. 2017ರ ಏಪ್ರಿಲ್‌ನಿಂದ ಮೈಲ್ಡ್ ಹೈಬ್ರಿಡ್‌ಗೆ ಅದನ್ನು ನಿಲ್ಲಿಸಿದರು. ಹಿಂಬದಿ ಬಾಗಿಲ ಮೇಲೆ 'ಹೈಬ್ರಿಡ್' ಅಂತ ಬರೆದಿರುವ ಆ ಕಾಲದ ಗಾಡಿಗಳು ಈಗ ಸೆಕೆಂಡ್ ಹ್ಯಾಂಡ್ ಮಾರ್ಕೆಟಿನಲ್ಲಿ ಓಡಾಡುತ್ತಿವೆ. ವಯಸ್ಸಾಗಿದೆ, ರೋಗ ಬರದೆ ಇರುತ್ತಾ?

ರಜೆ ಶುರುವಾದ ಮೇಲೆ ಸರ್ವಿಸ್ ಸೆಂಟರ್‌ಗೆ ಒಯ್ದೆ. ಸ್ಕ್ಯಾನರ್ ಹಚ್ಚಿದರು. ಟಾರ್ಕ್ ಸೆನ್ಸರ್ ಕೋಡ್ ಬಂತು, ಅಂದರೆ ಗಾಡಿಯ ಕಂಪ್ಯೂಟರ್ ಆ ಸೆನ್ಸರ್ ಹೆಸರಲ್ಲಿ ಬರೆದಿಟ್ಟ ತೊಂದರೆಯ ಗುರುತು. "ಕಾಲಂ ಅಸೆಂಬ್ಲಿ ಬದಲಿಸಬೇಕು ಮೇಡಂ" ಅಂದ ಹುಡುಗ. ಸೆನ್ಸರ್ ಒಂದೇ ಹಾಕಲು ಬರಲ್ವಾ ಅಂತ ಕೇಳಿದೆ. ಇಲ್ಲವಂತೆ, ಮೋಟರ್ ಸಮೇತ ಇಡೀ ಕಾಲಂ. ಖರ್ಚು ಅರ್ಧ ಲಕ್ಷದ ಹತ್ತಿರ. ಎಸ್ಟಿಮೇಟ್ ಮಡಚಿ ಪರ್ಸಿಗೆ ಹಾಕಿಕೊಂಡು ಮನೆಗೆ ಬಂದೆ. ನಮ್ಮವರಿಗೆ ಬೇಸಿಗೆ ಆಫೀಸ್ ಟೈಮು, ಬೆಳಿಗ್ಗೆ 8ರಿಂದ 1.30. ಊಟಕ್ಕೆ ಕೂತಾಗ ತೋರಿಸಿದೆ. "ಮಾರಿ ಬಿಡೂಣು" ಅಂದರು, ಇನ್ನೊಂದು ರೊಟ್ಟಿ ಹಾಕಿಸಿಕೊಂಡರು. ಸ್ಟೇರಿಂಗ್ ತಿರುಗದ ಗಾಡಿಯನ್ನು ಯಾರಿಗೆ ಮಾರೋದು? ತಗೊಂಡವರ ಮನೆಯಲ್ಲೂ ಮಕ್ಕಳಿರುತ್ತಾರೆ, ಅಲ್ವಾ?

ಟಾರ್ಕ್ ಸೆನ್ಸರ್ ಅಂದರೆ ಏನು ಅಂತ ಅವತ್ತು ರಾತ್ರಿ ಕೂತು ಓದಿದೆ. ಕಾಲಂ ಒಳಗೆ ಒಂದು ಸಣ್ಣ ಸರಳು ಇರುತ್ತದೆ. ನಾವು ಸ್ಟೇರಿಂಗ್ ತಿರುಗಿಸಿದಾಗ ಅದು ಕೂದಲೆಳೆಯಷ್ಟು ತಿರುಚಿಕೊಳ್ಳುತ್ತದೆ. ಎಷ್ಟು ತಿರುಚಿತು, ಯಾವ ಕಡೆಗೆ ಅನ್ನುವುದನ್ನು ಸೆನ್ಸರ್ ಅಳೆದು ಕಂಪ್ಯೂಟರ್‌ಗೆ ಹೇಳುತ್ತದೆ. ಕಂಪ್ಯೂಟರ್ ಅದಕ್ಕೆ ತಕ್ಕಷ್ಟು ಕರೆಂಟನ್ನು ಮೋಟರ್‌ಗೆ ಬಿಡುತ್ತದೆ. ಸೆನ್ಸರ್ ಹೇಳಿದ್ದರಲ್ಲಿ ಸ್ವಲ್ಪ ಅನುಮಾನ ಬಂದರೂ ಕಂಪ್ಯೂಟರ್ ಸಹಾಯ ನಿಲ್ಲಿಸಿ ದೀಪ ಹಚ್ಚುತ್ತದೆ. ಅದು ಸರಿಯೇ. ತಪ್ಪು ಲೆಕ್ಕದ ಮೇಲೆ ಮೋಟರ್ ತಾನೇ ಚಕ್ರ ತಿರುಗಿಸುವುದಕ್ಕಿಂತ ಸ್ಟೇರಿಂಗ್ ಭಾರ ಆಗುವುದು ವಾಸಿ.

ಸೆನ್ಸರ್ ಕೆಡುವುದೇ ಇಲ್ಲ ಅಂತಲ್ಲ. ಅಮೆರಿಕದ ಫೋರ್ಡ್ ಎಸ್ಕೇಪ್ ಕಥೆ ಪ್ರಸಿದ್ಧ. 2004ರಲ್ಲೇ ಹೈಬ್ರಿಡ್ ಎಸ್‌ಯುವಿ ಆಗಿ ಮಾರುಕಟ್ಟೆಗೆ ಬಂದ ಹೆಸರು ಅದು. 2014ರ ಮೇ ತಿಂಗಳಲ್ಲಿ ಕಂಪನಿ 2008ರಿಂದ 2011ರ ಮಾಡೆಲಿನ ಎಸ್ಕೇಪ್ ಮತ್ತು ಮರ್ಕ್ಯುರಿ ಮ್ಯಾರಿನರ್ ಗಾಡಿಗಳನ್ನು ವಾಪಸ್ ಕರೆಯಿತು. ಉತ್ತರ ಅಮೆರಿಕದಲ್ಲೇ 9 ಲಕ್ಷಕ್ಕಿಂತ ಜಾಸ್ತಿ ಗಾಡಿ. ಕಾರಣ ಕಾಲಂನಲ್ಲಿರುವ ಇದೇ ಟಾರ್ಕ್ ಸೆನ್ಸರ್. ಓಡುತ್ತಿರುವಾಗಲೇ ಸಹಾಯ ನಿಂತುಹೋಗುವ ಸಾಧ್ಯತೆ ಇತ್ತು. ಅಲ್ಲಿ ಮಾಡಿದ ಏರ್ಪಾಡು ನನಗೆ ಹಿಡಿಸಿತು. ಎಲ್ಲರಿಗೂ ಒಂದೇ ಮದ್ದು ಕೊಡಲಿಲ್ಲ. ಮೆಮೊರಿಯಲ್ಲಿ ಕೋಡ್ ಇಲ್ಲದ ಗಾಡಿಗೆ ಸಾಫ್ಟ್‌ವೇರ್ ಅಪ್‌ಡೇಟ್. ಕೋಡ್ ಇದ್ದರೆ ಸೆನ್ಸರ್ ಅಥವಾ ಇಡೀ ಕಾಲಂ ಬದಲು. ದುಡ್ಡು ಕಂಪನಿಯದ್ದು.

ನಮ್ಮಲ್ಲೂ 2021ರ ಏಪ್ರಿಲ್ 1ರಿಂದ ರೀಕಾಲ್ ಕಾನೂನು ಇದೆ. ಜನರ ದೂರು ಜಾಸ್ತಿ ಬಂದರೆ ಸರ್ಕಾರ ಕಡ್ಡಾಯವಾಗಿ ಗಾಡಿ ವಾಪಸ್ ಕರೆಸಬಹುದು. ಆದರೆ ಅದು 7 ವರ್ಷದೊಳಗಿನ ಗಾಡಿಗಳಿಗೆ. ನಮ್ಮದು ಆ ಗೆರೆ ದಾಟಿದೆ. ಹಳೇ ಗಾಡಿಗೆ ತಾನೇ ರೋಗ ಜಾಸ್ತಿ?

ಎಸ್ಟಿಮೇಟ್ ಹಿಡಿದುಕೊಂಡು ಹುಮನಾಬಾದ್ ರಸ್ತೆಯ ಉಸ್ತಾದ್ ಹತ್ತಿರ ಹೋದೆ. ಅವರು ಮೂಲತಃ ಆಟೋ ಎಲೆಕ್ಟ್ರಿಷಿಯನ್. ಕಪನೂರ ಕಡೆಯ ಲಾರಿಗಳೆಲ್ಲ ಅವರ ಕೈಯಲ್ಲೇ. ಕೋಡ್ ವಿಷಯ ಹೇಳಿದೆ. ಕೇಳಿಸಿಕೊಂಡರು, ಉತ್ತರ ಕೊಡಲಿಲ್ಲ. "ಎಂದ ಆಗ್ತದ ಅದನ್ನ ಹೇಳ್ರಿ ಅಕ್ಕೋರ" ಅಂದರು. ಸಿಗ್ನಲ್‌ನಲ್ಲಿ ಇಂಜಿನ್ ತಾನೇ ಸ್ಟಾರ್ಟ್ ಆಗುವಾಗ ಅಂದೆ. ಪ್ರತಿ ಸಲ ಅದೇ ಹೊತ್ತಿಗೆ. ಸರ್ವಿಸ್ ಸೆಂಟರ್‌ನಲ್ಲಿ ಈ ಪ್ರಶ್ನೆಯನ್ನೇ ಯಾರೂ ಕೇಳಿರಲಿಲ್ಲ.

ಬಾನೆಟ್ ಎತ್ತಿದರು. ಬಿಸಿಲು ಎಷ್ಟಿತ್ತು ಅಂದರೆ ಬಾನೆಟ್ ಮುಟ್ಟಲು ಬಟ್ಟೆ ಬೇಕಾಯಿತು. ಬ್ಯಾಟರಿಯ ಮೈನಸ್ ಕಂಬಿಗೆ ಹಸಿರು ಪುಡಿ ಕಟ್ಟಿತ್ತು. ಆ ಕ್ಲಾಂಪಿಗೆ ಬೆಂಕಿಪೊಟ್ಟಣಕ್ಕಿಂತ ಸಣ್ಣದೊಂದು ಕಪ್ಪು ಡಬ್ಬಿ, ಅದರಿಂದ ತೆಳ್ಳಗಿನ ವೈರು. ಪಕ್ಕದಲ್ಲೇ ದಪ್ಪ ಕೇಬಲ್ ಒಂದನ್ನು ನೇರ ಕಂಬಿಗೆ ಸುತ್ತಿ ನಟ್ ಬಿಗಿದಿದ್ದರು. ಉಸ್ತಾದ್ ಆ ಕೇಬಲ್ ಹಿಡಿದು ಹಿಂದಕ್ಕೆ ಹಿಂದಕ್ಕೆ ಹೋದರು. ಅದು ಡಿಕ್ಕಿವರೆಗೆ ಹೋಗಿತ್ತು, ಹಿಂದಿನ ಮಾಲೀಕ ಹಾಕಿಸಿದ ಮ್ಯೂಸಿಕ್ ಆಂಪ್ಲಿಫೈಯರ್‌ಗೆ.

"ಈ ಡಬ್ಬಿ ನೋಡ್ರಿ ಅಕ್ಕೋರ" ಅಂದರು. "ಇದು ಗಂಜಿನಾಗಿನ ಮುನೀಮ ಇದ್ದಂಗ. ಬ್ಯಾಟ್ರಿಗೆ ಎಷ್ಟ್ ಬಂತು, ಎಷ್ಟ್ ಹೋಯ್ತು ಎಲ್ಲಾ ಬರಕೋತದ. ಈ ಕೇಬಲ್ ಮುನೀಮನ ಕಣ್ಣ ತಪ್ಪಿಸಿ ಮಾಲ್ ಒಯ್ಯಾಕತ್ಯದ."

ಡಬ್ಬಿ ಅಂದರೆ ಕರೆಂಟ್ ಸೆನ್ಸರ್. ಆಂಪ್ಲಿಫೈಯರ್ ಅರ್ಥಿಂಗನ್ನು ಗಾಡಿಯ ಲೋಹದ ಮೈಗೆ ಕೊಟ್ಟಿದ್ದರೆ ಆ ಕರೆಂಟೂ ಸೆನ್ಸರ್ ದಾಟಿಯೇ ಹೋಗುತ್ತಿತ್ತು. ನೇರ ಕಂಬಿಗೆ ಕೊಟ್ಟಿದ್ದರಿಂದ ಅದು ಲೆಕ್ಕಕ್ಕೇ ಬರುತ್ತಿರಲಿಲ್ಲ. ಬ್ಯಾಟರಿ ಖಾಲಿಯಾಗುತ್ತಾ ಬಂದರೂ ಕಂಪ್ಯೂಟರ್‌ಗೆ ಅದು ತುಂಬಿದೆ ಅನ್ನಿಸುತ್ತದೆ. ಇಂಜಿನ್ ಆಫ್ ಮಾಡಬಾರದ ಹೊತ್ತಿನಲ್ಲೂ ಆಫ್ ಮಾಡುತ್ತದೆ. ಮತ್ತೆ ಸ್ಟಾರ್ಟ್ ಮಾಡುವಾಗ ಬ್ಯಾಟರಿ ಕುಸಿಯುತ್ತದೆ.

ಬ್ಯಾಟರಿ ಕಥೆ ಇನ್ನೊಂದು. ಸ್ಟಿಕರ್ ಒರೆಸಿ ನೋಡಿದರೆ ಮಾಮೂಲಿ ಬ್ಯಾಟರಿ. ದಿನಕ್ಕೆ ಎಷ್ಟೋ ಸಲ ಇಂಜಿನ್ ನಿಲ್ಲಿಸಿ ಶುರು ಮಾಡುವ ಗಾಡಿಗೆ ಅದಕ್ಕಂತಲೇ ಗಟ್ಟಿ ಬ್ಯಾಟರಿ ಬರುತ್ತದೆ, ರೇಟ್ ಜಾಸ್ತಿ. ಯಾರೋ ದುಡ್ಡು ಉಳಿಸಿದ್ದಾರೆ. ಮೇಲಿಂದ ನಮ್ಮೂರಿನ ಬಿಸಿಲು. 42 ಡಿಗ್ರಿಯಲ್ಲಿ ಯಾವ ಬ್ಯಾಟರಿಯೂ ಸುಖವಾಗಿ ಇರುವುದಿಲ್ಲ.

ಮಲ್ಟಿಮೀಟರ್ ಹಿಡಿದರು. ಸುಮ್ನೆ ನಿಂತಾಗ 12.1 ವೋಲ್ಟ್. ಒಳ್ಳೆಯ ಬ್ಯಾಟರಿಯಾದರೆ 12.6ರ ಆಸುಪಾಸು ಇರಬೇಕು. ನನ್ನನ್ನು ಒಳಗೆ ಕೂರಿಸಿ, ಸ್ಟೇರಿಂಗ್ ಪೂರ್ತಿ ತಿರುಗಿಸಿ ಹಿಡಿದು ಸ್ಟಾರ್ಟ್ ಮಾಡಿ ಅಂದರು. ಮಾಡಿದೆ. "8 ಚಿಲ್ಲರ!" ಅಂತ ಹೊರಗಿನಿಂದ ಕೂಗು. ಹಳದಿ ದೀಪ ನನ್ನ ಮುಂದೆಯೇ ಹತ್ತಿತು. ಇಷ್ಟು ದಿನ ಆ ದೀಪ ಕಂಡರೆ ಎದೆ ಧಸಕ್ ಅನ್ನುತ್ತಿತ್ತು, ಅವತ್ತು ಖುಷಿಯಾಯಿತು. ರೋಗ ಡಾಕ್ಟರ್ ಮುಂದೆಯೇ ಕಾಣಿಸಿಕೊಂಡಿತಲ್ಲ!

ಅಷ್ಟು ಕೆಳಗೆ ಇಳಿದರೆ ಸ್ಟೇರಿಂಗ್ ಕಂಪ್ಯೂಟರ್ ಕೈಚೆಲ್ಲುತ್ತದೆ. ಸೆನ್ಸರ್‌ಗೂ ಸರಿಯಾದ ವೋಲ್ಟೇಜ್ ಸಿಗದೆ ಅದು ಏನೇನೋ ಹೇಳುತ್ತದೆ. ಕೋಡ್ ಸೆನ್ಸರ್ ಹೆಸರಿಗೆ ದಾಖಲಾಗುತ್ತದೆ. ಕೋಡ್ ಅನ್ನೋದು ಎಲ್ಲಿ ತೊಂದರೆ ಕಂಡಿತು ಅಂತ ಹೇಳುತ್ತದೆ, ಯಾರಿಂದ ಆಯಿತು ಅಂತ ಹೇಳುವುದಿಲ್ಲ. ಸರ್ವಿಸ್ ಸೆಂಟರ್ ಹುಡುಗನನ್ನು ನಾನು ಬೈಯುವುದಿಲ್ಲ, ಅವನು ಸುಳ್ಳು ಹೇಳಲಿಲ್ಲ. ಆದರೆ ಅರ್ಧ ಲಕ್ಷದ ಚೀಟಿ ಬರೆಯುವ ಮೊದಲು ಬ್ಯಾಟರಿಗೆ ಒಂದು ಮೀಟರ್ ಹಿಡಿಯಬಹುದಿತ್ತು. ಎರಡು ನಿಮಿಷದ ಕೆಲಸ.

ಆಮೇಲೆ ಆದದ್ದು ಸರಳ. ಸರಿಯಾದ ಬ್ಯಾಟರಿ ಹಾಕಿದರು. ಆಂಪ್ಲಿಫೈಯರ್ ಕೇಬಲ್ ತೆಗೆಸಿದೆ, ಅದನ್ನು ಮತ್ತೆ ಹಾಕಿಸುವುದಿಲ್ಲ. ಅರ್ಥಿಂಗ್ ಬೋಲ್ಟ್‌ಗಳನ್ನು ಬಿಚ್ಚಿ, ಉಜ್ಜಿ, ಬಿಗಿದರು. ಕಾಲಂ ಕೆಳಗಿನ ಕನೆಕ್ಟರ್ ತೆಗೆದರೆ ಒಳಗೆ ಎರೆಮಣ್ಣಿನ ಧೂಳು, ಅದನ್ನೂ ಸ್ವಚ್ಛ ಮಾಡಿದರು. ಹಳೇ ಕೋಡ್ ಅಳಿಸಿದರು.

"ಹಂಗಾದ್ರ ಕಾಲಂ ಛಲೋ ಅದ ಏನ್ರಿ ಉಸ್ತಾದ್?" ಅಂತ ಕೇಳಿದೆ.

"ಅದನ್ನ ನಾ ಹೇಳಂಗಿಲ್ರಿ. ಬ್ಯಾಟ್ರಿ ಛಲೋ ಇದ್ದಾಗ ದೀಪ ಬಂತಂದ್ರ ಖರೆನೇ ಕಾಲಂ ಹೋಗ್ಯದ. ಅವಾಗ ಖರ್ಚ್ ಮಾಡ್ರಿ, ಬ್ಯಾಡ ಅನ್ನಂಗಿಲ್ಲ."

ನಾನು ಪೂರ್ತಿ ನಂಬಿಲ್ಲ ಅಂದದ್ದು ಇದಕ್ಕೇ. ಸಿಗರೇಟ್ ಲೈಟರ್ ಜಾಗಕ್ಕೆ ಸಿಕ್ಕಿಸುವ ಸಣ್ಣ ವೋಲ್ಟ್ ಮೀಟರ್ ಒಂದು ಕೊಟ್ಟಿದ್ದಾರೆ. ದೀಪ ಬಂದರೆ ಆ ಹೊತ್ತಿನ ವೋಲ್ಟ್ ಬರೆದುಕೊಳ್ಳಬೇಕು. ಓಡಿಸುವವರು ಬರೆಯುವುದಕ್ಕಾಗಲ್ಲ, ಪಕ್ಕದಲ್ಲಿ ಕೂತವರ ಕೆಲಸ ಅದು. ನಮ್ಮವರಿಗೆ ಪೆನ್ನು ಕೊಟ್ಟಿದ್ದೇನೆ.

ಸ್ಟಾಫ್ ರೂಮಿನವರಿಗೆ ಒಂದು ಮಾತು. ಓಡಿಸುವಾಗ ಹೀಗಾದರೆ ಗಾಬರಿಯಲ್ಲಿ ಕೀ ತಿರುಗಿಸಬೇಡಿ, ಬ್ರೇಕಿನ ಸಹಾಯವೂ ಹೋದೀತು. ಸ್ಟೇರಿಂಗಿಗೂ ಚಕ್ರಕ್ಕೂ ಇರುವ ಕಬ್ಬಿಣದ ಸಂಬಂಧ ಎಲ್ಲೂ ಹೋಗಿರುವುದಿಲ್ಲ, ತಿರುಗುತ್ತದೆ, ಭಾರ ಅಷ್ಟೇ. ಎರಡೂ ಕೈ ಹಾಕಿ, ವೇಗ ಇಳಿಸುತ್ತಾ ಎಡಕ್ಕೆ ಬನ್ನಿ. ವೇಗ ಕಡಿಮೆಯಾದಷ್ಟೂ ಭಾರ ಹೆಚ್ಚುತ್ತದೆ, ಅದಕ್ಕೆ ತಯಾರಿರಿ. ನಿಂತ ಮೇಲೆ ಕೀ ತೆಗೆಯಿರಿ. ಸರಿಹೋಯಿತು ಅಂತ ಮರೆತುಬಿಡಬೇಡಿ.

12ಕ್ಕೆ ಹುಣ್ಣಿಮೆ. ಅತ್ತೆಗೆ ಗಾಣಗಾಪುರಕ್ಕೆ ಹೋಗಬೇಕು. "ಬಸ್ಸಿಗೇ ಹೋಗೂಣು, ಆ ಗಾಡಿ ಬ್ಯಾಡ" ಅಂತ ಹಟ ಹಿಡಿದಿದ್ದರು. ಸಂಜೆ ಅವರನ್ನು ಕೂರಿಸಿಕೊಂಡು ಅಪ್ಪನ ಕೆರೆವರೆಗೆ ಹೋಗಿ ಬಂದೆ, ಸಿಗ್ನಲ್ ಇರುವ ದಾರಿಯಲ್ಲೇ. ದೀಪ ಬರಲಿಲ್ಲ. ಗಾಡಿಯಲ್ಲೇ ಹೋಗೋದು ಅಂತ ಆಗಿದೆ. ಕಾಲಂಗೆ ಬೇಕಾಗಬಹುದು ಅಂತ ದುಡ್ಡು ಬೇರೆ ಎತ್ತಿಟ್ಟಿದ್ದೇನೆ, ಹೊಸ ಟಿವಿಯ ಮಾತು ದಸರಾ ತನಕ ಎತ್ತಬಾರದು ಅಂತ ಮನೆಯಲ್ಲಿ ಹೇಳಿಯೂ ಆಗಿದೆ.