ಮಕ್ಕಳು ಕಡಿಮೆಯಾದ ಶಾಲೆಯ ಮುಖ್ಯಶಿಕ್ಷಕರು

ಮಂಗಳೂರು ನಗರದ ಹಳೆಯ ಸರ್ಕಾರಿ ಕನ್ನಡ ಶಾಲೆಗಳಲ್ಲಿ ದಾಖಲಾತಿಗಾಗಿ ಮನೆಮನೆಗೆ ಹೋಗುವವರೂ, ಬಿಸಿಯೂಟದ ಅಕ್ಕಿಯ ಲೆಕ್ಕ ಬರೆಯುವವರೂ, ಕರಿಹಲಗೆಯ ನಡುವೆ ಗೆರೆ ಎಳೆದು ಎರಡು ತರಗತಿಗಳಿಗೆ ಒಂದೇ ಕೋಣೆಯಲ್ಲಿ ಪಾಠ ಮಾಡುವವರೂ ಎಷ್ಟೋ ಕಡೆ ಮುಖ್ಯಶಿಕ್ಷಕರೇ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಮಾನದಂಡದಂತೆ ಒಂದರಿಂದ ಐದನೇ ತರಗತಿಯವರೆಗೆ ಒಟ್ಟು 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು. ಮಕ್ಕಳು ಕಡಿಮೆಯಾದಂತೆ ಶಿಕ್ಷಕರು ‘ಹೆಚ್ಚುವರಿ’ಯಾಗಿ ಬೇರೆಡೆಗೆ ಹೋಗುತ್ತಾರೆ, ಶಿಕ್ಷಕರಿಲ್ಲವೆಂದು ಉಳಿದ ಪೋಷಕರೂ ಮಕ್ಕಳನ್ನು ಆಂಗ್ಲ ಮಾಧ್ಯಮ ಶಾಲೆಯ ವ್ಯಾನು ಹತ್ತಿಸುತ್ತಾರೆ. ಈಗ ಹಾಜರಿ ಪುಸ್ತಕದಲ್ಲಿ ಕಾಣುವ ಹೆಸರುಗಳಲ್ಲಿ ಉತ್ತರ ಕರ್ನಾಟಕದಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳೂ ಇದ್ದಾರೆ. ಕೆಲಸ ಮುಗಿದರೆ ವರ್ಷದ ನಡುವೆಯೇ ಅವರೂ ಹೊರಡುತ್ತಾರೆ. ತಲೆ ಎಣಿಸಿ ಶಾಲೆಗಳನ್ನು ವಿಲೀನಗೊಳಿಸುವ ಮೊದಲು, ಈ ಮಕ್ಕಳು ಹೆದ್ದಾರಿ ದಾಟಿ ಪಕ್ಕದ ಶಾಲೆಗೆ ಹೋಗಬಲ್ಲರೇ ಎಂದು ಆ ಮುಖ್ಯಶಿಕ್ಷಕರನ್ನೇ ಕೇಳಬೇಕು.