ಪೌರತ್ವದ ಅರ್ಜಿ ಹಾಕಿದ ಮೇಲೆ ಊರಿಗೆ ಬರಬಹುದೇ?

ನನ್ನ ತಮ್ಮ ಅಮೆರಿಕದ ಪೌರತ್ವಕ್ಕೆ ಅರ್ಜಿ ಸಲ್ಲಿಸಿದ್ದಾನೆಂದು ತಿಳಿದ ಮೇಲೆ ದಾವಣಗೆರೆಯ ನಮ್ಮ ಮನೆಗೆ ಬಂದುಹೋಗುವ ಬಂಧುಗಳೆಲ್ಲ ಕೇಳುತ್ತಿರುವುದು ಒಂದೇ ಪ್ರಶ್ನೆ: ಹಾಗಾದರೆ ಈ ಸಲ ದುಗ್ಗಮ್ಮನ ಜಾತ್ರೆಗೆ ಅವನು ಬರುವುದಿಲ್ಲವೇ? ಜಾತ್ರೆ ನಡೆಯುವುದು ಎರಡು ವರ್ಷಕ್ಕೊಮ್ಮೆ. ಒಂದು ತಪ್ಪಿದರೆ ಮತ್ತೆರಡು ವರ್ಷ ಕಾಯಬೇಕಾದ್ದರಿಂದ ಅವರ ಆತಂಕ ಅರ್ಥವಾಗುವಂಥದ್ದೇ. ಆದರೆ ಅರ್ಜಿ ಇತ್ಯರ್ಥವಾಗುವ ಮೊದಲು ದೇಶ ಬಿಟ್ಟರೆ ಅರ್ಜಿಯೇ ಬಿದ್ದುಹೋಗುತ್ತದೆ ಎಂಬ ಅವರ ನಂಬಿಕೆ ಸರಿಯಲ್ಲ.

ಈ ನಂಬಿಕೆ ಹುಟ್ಟಿದ್ದು ಗ್ರೀನ್ ಕಾರ್ಡ್ (ಅಮೆರಿಕದಲ್ಲಿ ಕಾಯಂ ವಾಸದ ಅನುಮತಿ) ಹಂತದ ನಿಯಮದಿಂದ ಇರಬೇಕೆಂದು ನನಗನಿಸುತ್ತದೆ. ಅಮೆರಿಕದಲ್ಲಿದ್ದುಕೊಂಡೇ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿದವರು ಮುಂಗಡ ಅನುಮತಿ ಪಡೆಯದೆ ಹೊರಟರೆ, ಎಚ್-1ಬಿ, ಎಲ್-1 ಎಂಬ ಉದ್ಯೋಗ ವೀಸಾಗಳಂಥ ಕೆಲವು ವೀಸಾದವರನ್ನು ಬಿಟ್ಟು ಉಳಿದವರ ಅರ್ಜಿಯನ್ನು ಕೈಬಿಟ್ಟಂತೆಯೇ ಪರಿಗಣಿಸಲಾಗುತ್ತದೆ. ಪೌರತ್ವದ ಎನ್-400 ಅರ್ಜಿಗೆ ಇಂಥ ಷರತ್ತಿಲ್ಲ. ಅದನ್ನು ಹಾಕುವವರು ಆಗಲೇ ಕಾಯಂ ನಿವಾಸಿಗಳು. ಭಾರತದ ಪಾಸ್‌ಪೋರ್ಟ್ ಮತ್ತು ಗ್ರೀನ್ ಕಾರ್ಡ್ ಹಿಡಿದು ಹಿಂದಿನಂತೆಯೇ ಹೋಗಿಬರಬಹುದು. ಕಾರ್ಡಿನ ಅವಧಿ ಮುಗಿದಿದ್ದರೂ ತೊಂದರೆಯಿಲ್ಲ. 2022ರ ಡಿಸೆಂಬರ್‌ನಿಂದ ಎನ್-400 ಅರ್ಜಿಯ ರಸೀದಿಯೇ ಅದನ್ನು 24 ತಿಂಗಳು ವಿಸ್ತರಿಸುತ್ತದೆ. ಆದರೆ ವಿಮಾನ ಏರುವಾಗ ಹಳೆಯ ಕಾರ್ಡು ಮತ್ತು ಆ ರಸೀದಿಯ ಮೂಲ ಪ್ರತಿ ಎರಡೂ ಕೈಯಲ್ಲಿರಬೇಕು.

ಹಾಗೆಂದು ದಿನಗಳ ಲೆಕ್ಕ ಇಲ್ಲವೆಂದಲ್ಲ. ಐದು ವರ್ಷ ಕಾಯಂ ನಿವಾಸಿಯಾಗಿದ್ದವರಿಗಿರುವ ನಿಯಮದಡಿ ಅರ್ಜಿ ಹಾಕುವವರು ಆ ಅವಧಿಯಲ್ಲಿ ಕನಿಷ್ಠ 30 ತಿಂಗಳು ಅಮೆರಿಕದ ನೆಲದಲ್ಲಿ ಇದ್ದಿರಬೇಕು. ಅಮೆರಿಕದ ಪ್ರಜೆಯನ್ನು ಮದುವೆಯಾಗಿ ಮೂರು ವರ್ಷದ ನಿಯಮದಡಿ ಬರುವವರಿಗೆ ಇದು 18 ತಿಂಗಳು. ಈ ಲೆಕ್ಕವನ್ನು ಅರ್ಜಿ ಹಾಕಿದ ದಿನದಿಂದ ಹಿಂದಕ್ಕೆ ನೋಡಲಾಗುತ್ತದೆ. ಆದ್ದರಿಂದ ಅರ್ಜಿ ಹಾಕಿದ ನಂತರದ ಪ್ರವಾಸ ಅದನ್ನು ಕೆಡಿಸುವುದಿಲ್ಲ. ಆಮೇಲೂ ಉಳಿಯುವುದು ನಿರಂತರ ವಾಸದ ಷರತ್ತು, ಅದು ಪೌರತ್ವ ಕೈಗೂಡುವ ಪ್ರಮಾಣವಚನದ ದಿನದವರೆಗೂ ನಡೆಯುತ್ತದೆ. ಒಂದೇ ಸಲಕ್ಕೆ ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ವಾಸ ತುಂಡಾಯಿತೆಂದು ಮೇಲ್ನೋಟಕ್ಕೆ ಭಾವಿಸಲಾಗುತ್ತದೆ ಮತ್ತು ಅಲ್ಲವೆಂದು ಸಾಧಿಸುವ ಹೊಣೆ ಅರ್ಜಿದಾರರ ಮೇಲೆ ಬೀಳುತ್ತದೆ. ಒಂದು ವರ್ಷ ತುಂಬಿದರೆ ವಾದಕ್ಕೇ ಆಸ್ಪದವಿಲ್ಲ. ಮರುಪ್ರವೇಶದ ಪರವಾನಗಿ ಪಡೆದಿದ್ದರೆ ಸಾಕೆಂದು ತಿಳಿದವರಿದ್ದಾರೆ; ಅದು ಗ್ರೀನ್ ಕಾರ್ಡನ್ನು ಉಳಿಸಿಕೊಳ್ಳಲು ನೆರವಾಗುತ್ತದೆಯೇ ಹೊರತು ಪೌರತ್ವಕ್ಕೆ ಬೇಕಾದ ನಿರಂತರ ವಾಸವನ್ನು ಕಾಪಾಡುವುದಿಲ್ಲ. ಜಾತ್ರೆಗೆ ರಜೆ ಹಾಕಿ ಬಂದುಹೋಗುವವನಿಗೆ ಇದಾವುದೂ ತಟ್ಟುವುದಿಲ್ಲ. ತಂದೆತಾಯಿಯ ಆರೈಕೆಗೆಂದು ಬಂದು ತಿಂಗಳುಗಟ್ಟಲೆ ನಿಲ್ಲುವವರಿಗೆ ಮಾತ್ರ ಇದು ನಿಜವಾದ ಚಿಂತೆ, ಮತ್ತು ಅಂಥವರು ನಮ್ಮ ಬೀದಿಯಲ್ಲೇ ಇದ್ದಾರೆ.

ನನ್ನ ಅಭಿಪ್ರಾಯದಲ್ಲಿ ಹೆಚ್ಚು ಕಾಡುವುದು ಪತ್ರಗಳು. ಬೆರಳಚ್ಚಿಗೆ ಬರಹೇಳುವ ಪತ್ರ ಮೊದಲು ಬರುತ್ತದೆ (ಹಳೆಯ ಬೆರಳಚ್ಚನ್ನೇ ಬಳಸಿಕೊಂಡು ಕರೆಯದೆ ಬಿಡುವುದೂ ಉಂಟು), ಆಮೇಲೆ ಸಂದರ್ಶನದ್ದು, ಕೊನೆಗೆ ಪ್ರಮಾಣವಚನದ್ದು. ಈ ದಿನಾಂಕಗಳನ್ನು ನಿಗದಿಪಡಿಸುವುದು ಅಲ್ಲಿಯ ವಲಸೆ ಇಲಾಖೆ. ನಮ್ಮ ಮುಹೂರ್ತ, ರಜೆ, ಟಿಕೆಟ್ ಯಾವುದನ್ನೂ ಅದು ಕೇಳುವುದಿಲ್ಲ. ಬರಲಾಗದಿದ್ದರೆ ಮುಂಚಿತವಾಗಿ ತಿಳಿಸಿ ಬೇರೆ ದಿನ ಕೋರಬಹುದು, ಆದರೆ ಆ ಬೇರೆ ದಿನ ಯಾವಾಗ ಬಂದೀತೆಂದು ಹೇಳಲಾಗದು. ಏನೂ ತಿಳಿಸದೆ ಸಂದರ್ಶನ ತಪ್ಪಿಸಿಕೊಂಡರೆ ಕಡತವನ್ನು ಬದಿಗಿಡುತ್ತಾರೆ, ಒಂದು ವರ್ಷದೊಳಗೆ ಅದನ್ನು ಮತ್ತೆ ತೆರೆಯುವಂತೆ ಕೇಳಿಕೊಳ್ಳದಿದ್ದರೆ ಅರ್ಜಿ ಅಲ್ಲಿಗೇ ಮುಗಿಯುತ್ತದೆ. ಆದ್ದರಿಂದ ಊರಿಗೆ ಬಂದಾಗಲೂ ದಿನಕ್ಕೊಮ್ಮೆ ಇಲಾಖೆಯ ಆನ್‌ಲೈನ್ ಖಾತೆ ನೋಡುವುದು, ಅಲ್ಲಿಯ ಅಂಚೆ ಪೆಟ್ಟಿಗೆಯನ್ನು ತೆರೆದು ನೋಡಲು ನೆರೆಯವರೊಬ್ಬರಿಗೆ ಹೇಳಿಬರುವುದು ಅಗತ್ಯ. ಪ್ರತಿ ಪ್ರವಾಸದ ಹೊರಟ ಮತ್ತು ಮರಳಿದ ದಿನಾಂಕಗಳನ್ನೂ ಬರೆದಿಡಬೇಕು; ಅರ್ಜಿ ಹಾಕಿದ ಮೇಲೆ ಕೈಗೊಂಡ ಪ್ರವಾಸಗಳನ್ನು ಸಂದರ್ಶನದಲ್ಲಿ ಕೇಳುತ್ತಾರೆ, ಸಂದರ್ಶನದ ನಂತರದವನ್ನು ಪ್ರಮಾಣವಚನದ ದಿನ ತುಂಬಿಕೊಡುವ ನಮೂನೆಯಲ್ಲಿ ಕೇಳುತ್ತಾರೆ.

ನಮ್ಮ ಮನೆಯಲ್ಲಿ ಯಾರಿಗೂ ಹೊಳೆಯದಿದ್ದ ತೊಡಕು ಬೇರೆಯೇ ಇತ್ತು. ಪೌರತ್ವ ಸಿಕ್ಕ ಮರುವಾರವೇ ಊರಿಗೆ ಬಂದು ಜಾತ್ರೆ ಮಾಡಿಕೊಂಡು ಹೋಗಲಿ ಎಂದು ಅಪ್ಪ ಸೂಚಿಸಿದ್ದರು. ಕೇಳಲು ಇದು ಅತ್ಯಂತ ಸಹಜವಾದ ಯೋಜನೆ, ಆದರೆ ಇರುವ ಆಯ್ಕೆಗಳಲ್ಲೆಲ್ಲ ಕಷ್ಟದ್ದು. ಪ್ರಮಾಣವಚನದ ದಿನ ಗ್ರೀನ್ ಕಾರ್ಡನ್ನು ಹಿಂತಿರುಗಿಸಬೇಕು. ಅತ್ತ, ನಮ್ಮ 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದವರ ಭಾರತೀಯ ಪೌರತ್ವ ತಾನಾಗಿಯೇ ಕೊನೆಗೊಳ್ಳುತ್ತದೆ, ಅಂದರೆ ಅವಧಿ ಇನ್ನೂ ಇದ್ದರೂ ಹಳೆಯ ಪಾಸ್‌ಪೋರ್ಟಿನಲ್ಲಿ ಪ್ರಯಾಣಿಸುವಂತಿಲ್ಲ. ಪೌರತ್ವದ ಪ್ರಮಾಣಪತ್ರವನ್ನು ಲಗತ್ತಿಸಿ ಅಮೆರಿಕದ ಪಾಸ್‌ಪೋರ್ಟಿಗೆ ಅರ್ಜಿ ಹಾಕಬೇಕು. ಅದು ಬಂದ ಮೇಲೆ ಭಾರತದ ಪಾಸ್‌ಪೋರ್ಟನ್ನು ಒಪ್ಪಿಸಿ, ಹಾಗೆ ಒಪ್ಪಿಸಿದ್ದಕ್ಕೆ ಪ್ರಮಾಣಪತ್ರ ಪಡೆಯಬೇಕು. ಆನಂತರ ಓಸಿಐ ಕಾರ್ಡು (ಭಾರತೀಯ ಮೂಲದ ವಿದೇಶಿ ಪ್ರಜೆಗಳು ವೀಸಾ ಇಲ್ಲದೆ ಬಂದುಹೋಗಲು ಭಾರತ ಕೊಡುವ ಕಾರ್ಡು), ಇಲ್ಲವೇ ಭಾರತದ ವೀಸಾ. ಈ ಸರಣಿ ಮುಗಿಯುವವರೆಗೆ ತವರೂರಿಗೆ ಬರಲು ಅವನ ಕೈಯಲ್ಲಿ ಯಾವ ದಾಖಲೆಯೂ ಇರುವುದಿಲ್ಲ. ಕೆಲವು ಕಚೇರಿಗಳಲ್ಲಿ ಸಂದರ್ಶನ ನಡೆದ ದಿನವೇ ಪ್ರಮಾಣವಚನವನ್ನೂ ಮುಗಿಸಿಬಿಡುತ್ತಾರೆ. ಸಂದರ್ಶನ ತಾನೇ, ಮುಗಿಸಿಕೊಂಡು ಮುಂದಿನ ವಾರ ಹೊರಡೋಣ ಎಂದು ಟಿಕೆಟ್ ಮಾಡಿಟ್ಟವರು ಸಂಜೆಯ ಹೊತ್ತಿಗೆ ಪ್ರಜೆಯಾಗಿರುತ್ತಾರೆ, ಪ್ರಯಾಣ ಮಾತ್ರ ಅಸಾಧ್ಯವಾಗಿರುತ್ತದೆ. ತುರ್ತು ಪ್ರಯಾಣವಿರುವವರಿಗೆ ಬೇಗ ಪಾಸ್‌ಪೋರ್ಟ್ ಕೊಡುವ ಕಚೇರಿಗಳು ಅಲ್ಲಿವೆ. ಅವುಗಳನ್ನೇ ನಂಬಿ ಯೋಜನೆ ಹಾಕುವುದು ನನಗೆ ಒಪ್ಪಿಗೆಯಿಲ್ಲ.

ಅಡಿಕೆ ತೋಟದ ವಿಷಯವನ್ನು ಚನ್ನಗಿರಿಯ ಮಾವನವರು ಎತ್ತಿದ್ದರಿಂದ ಇಲ್ಲಿ ಹೇಳಿಬಿಡುತ್ತೇನೆ. ಓಸಿಐ ಕಾರ್ಡುದಾರರು ಕೃಷಿ ಭೂಮಿಯನ್ನು ಕೊಳ್ಳುವಂತಿಲ್ಲ, ಆದರೆ ಪಿತ್ರಾರ್ಜಿತವಾಗಿ ಬರುವುದಕ್ಕೆ ತಡೆಯಿಲ್ಲ. ಕೊಳ್ಳುವ ನಿರ್ಬಂಧ ಅನಿವಾಸಿ ಭಾರತೀಯನಾಗಿರುವ ಅವನಿಗೆ ಈಗಲೂ ಇದೆ. ಆದ್ದರಿಂದ ಈ ಕಾರಣಕ್ಕಾಗಿ ಅವನನ್ನು ಅವಸರದಿಂದ ಊರಿಗೆ ಕರೆಸಬೇಕಾದ ಅಗತ್ಯ ನನಗೆ ಕಾಣಲಿಲ್ಲ.

ಬೆರಳಚ್ಚಿನ ಕೆಲಸ ಈಗ ಮುಗಿದಿದೆ, ಸಂದರ್ಶನದ ಪತ್ರ ಬಂದಿಲ್ಲ. ಪ್ರವಾಸಕ್ಕೆ ಇದಕ್ಕಿಂತ ಅನುಕೂಲವಾದ ಸಮಯ ಮುಂದೆ ಬಹುಕಾಲ ಸಿಗಲಿಕ್ಕಿಲ್ಲ ಎಂಬ ನನ್ನ ವಾದವನ್ನು ತಮ್ಮ ಒಪ್ಪಿದ್ದಾನೆ. 'ಅಕ್ಕ, ದಿನಾಂಕ ಬದಲಿಸಬಹುದಾದ ಟಿಕೆಟ್ಟನ್ನೇ ಮಾಡಿಸುತ್ತೇನೆ, ದುಡ್ಡು ಸ್ವಲ್ಪ ಹೆಚ್ಚಾದರೂ ಪರವಾಗಿಲ್ಲ' ಎಂದು ಹೇಳಿದ್ದಾನೆ. ಹೊರಡುವ ಮೊದಲೇ ಪತ್ರ ಬಂದು ಸಂದರ್ಶನದ ದಿನ ಜಾತ್ರೆಗೆ ಅಡ್ಡವಾದರೆ ಅವನು ಅಲ್ಲೇ ಉಳಿದು, ಪಾಸ್‌ಪೋರ್ಟ್ ಮತ್ತು ಓಸಿಐ ಎರಡೂ ಕೈಸೇರಿದ ಮೇಲೆ ಬರುವುದೆಂದು ತೀರ್ಮಾನವಾಗಿದೆ. ಅಮ್ಮನಿಗೆ ಈ ಎರಡನೆಯ ಭಾಗವನ್ನು ಇನ್ನೂ ಹೇಳಿಲ್ಲ.